ಮುಂಬಯಿ ಮಳೆಗಾಲದ ಆಟಕ್ಕೆ 900 ವ್ಯಾಟಿನ ಫಾಗ್ ಮಷಿನ್ ಧಾರಾಳ

ಮೇ ಕೊನೆಯ ಪತ್ತನಾಜೆಗೆ ಊರಿನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಯಕ್ಷಗಾನ ತಂಡಗಳು ಮುಂಬಯಿ ಹತ್ತುವುದು ಮಳೆಗಾಲದಲ್ಲಿ. ಮಾಟುಂಗ, ಕುರ್ಲಾದ ಮುಚ್ಚಿದ ಸಭಾಗೃಹಗಳ ಒಳಗೆ ದೊಂದಿಯ (ಪಂಜಿನ) ಬೆಂಕಿಗೆ ರಾಳದ ಪುಡಿ ಎರಚುವ ಮಾತಿಲ್ಲ. ಮಹಿಷಾಸುರನ ಪ್ರವೇಶಕ್ಕೆ ಉಳಿಯುವುದು ಫಾಗ್ ಮಷಿನ್ ಒಂದೇ. ಎಲೆಕ್ಟ್ರಾನಿಕ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಯ ಕಡೆ 400, 900, 1500 ವ್ಯಾಟಿನವು ಬೇರೆ ಬೇರೆ ಹೆಸರಿನ ಚೀಟಿ ಅಂಟಿಸಿಕೊಂಡು ಸಿಗುತ್ತವೆ, ಒಳಗಿನ ರಚನೆ ಹೆಚ್ಚುಕಮ್ಮಿ ಒಂದೇ. ಸಂಘದ ಹಣದಲ್ಲಿ ಕೊಳ್ಳುವವರು 900 ವ್ಯಾಟಿನದನ್ನೇ ಆರಿಸಿ.

ಮೊದಲ ಕಾರಣ ಕರೆಂಟು. 230 ವೋಲ್ಟಿನಲ್ಲಿ 900 ವ್ಯಾಟ್ ಎಂದರೆ ಸುಮಾರು 4 ಆಂಪಿಯರ್, ರಂಗದ ಪಕ್ಕದ ಮಾಮೂಲಿ 6 ಆಂಪಿಯರ್ ಸಾಕೆಟ್ಟಿಗೆ ಸಲ್ಲುತ್ತದೆ. 1500 ವ್ಯಾಟಿನದು 6.5 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರ್ ಪಾಯಿಂಟೇ ಬೇಕು. ತೆಳ್ಳನೆಯ ಎಕ್ಸ್‌ಟೆನ್ಷನ್ ವೈರಿಗೆ ಸಿಕ್ಕಿಸಿದರೆ ಪ್ಲಗ್ ಕರಗುತ್ತದೆ. 400 ವ್ಯಾಟಿನದರ ತೊಂದರೆ ಬೇರೆ: ಒಳಗೆ ಲಿಕ್ವಿಡ್ ಕಾಯಿಸುವ ಲೋಹದ ಬ್ಲಾಕ್ ಚಿಕ್ಕದು. ಎರಡು ಸಲ ಬಟನ್ ಒತ್ತಿದರೆ ತಣ್ಣಗಾಗಿ ಥರ್ಮೋಸ್ಟಾಟ್ ಪಂಪನ್ನು ತಡೆಯುತ್ತದೆ, ಬಣ್ಣದ ವೇಷ (ರಾಕ್ಷಸ ಪಾತ್ರ) ಅಟ್ಟಹಾಸ ಕೊಡುವ ಹೊತ್ತಿಗೆ ಹೊಗೆ ಇರುವುದಿಲ್ಲ.

ಎರಡನೆಯ ಕಾರಣ ಮುಂಬಯಿಯ ಗಾಳಿ. ಅಂಗಡಿಯವರು ಇದನ್ನು ಹೇಳುವುದಿಲ್ಲ. ಮಷಿನ್ನಿನಿಂದ ಹೊರಡುವುದು ನಿಜವಾಗಿ ಹೊಗೆಯಲ್ಲ, ಸಣ್ಣ ಹನಿಗಳು. ನೀರು, ಪ್ರೊಪಿಲೀನ್ ಗ್ಲೈಕಾಲ್, ಸ್ವಲ್ಪ ಗ್ಲಿಸರಿನ್ ಬೆರೆಸಿದ ಲಿಕ್ವಿಡ್ಡನ್ನು ಪಂಪ್ ಕಾದ ಬ್ಲಾಕಿಗೆ ತಳ್ಳುತ್ತದೆ. ಆವಿ ನಾಜಲ್ಲಿನಿಂದ ಹೊರಬಿದ್ದು ತಣ್ಣಗಿನ ಗಾಳಿ ತಾಗಿದ ಕೂಡಲೇ ಹನಿಗಟ್ಟುತ್ತದೆ, ಆ ಹನಿಗಳು ಬೆಳಕನ್ನು ಚೆದುರಿಸುವುದರಿಂದ ನಮಗೆ ಬೆಳ್ಳಗೆ ಕಾಣುತ್ತದೆ. ಗ್ಲೈಕಾಲ್, ಗ್ಲಿಸರಿನ್ ಎರಡೂ ಮಳೆಗಾಲದ ಉಪ್ಪಿನ ಹಾಗೆ ಗಾಳಿಯ ತೇವ ಹೀರುತ್ತವೆ. ಗಾಳಿಯಲ್ಲಿ ಶೇ. 80 ತೇವಾಂಶವಿದ್ದರೆ ಗ್ಲಿಸರಿನ್ ಹನಿಯ ತೂಕದಲ್ಲಿ ಸುಮಾರು ಅರ್ಧ ನೀರೇ. ಶೇ. 30ಕ್ಕೆ ಇಳಿದರೆ ನೀರು ಹತ್ತರಲ್ಲಿ ಒಂದು ಪಾಲು ಮಾತ್ರ. ಅಂದರೆ ಜುಲೈಯ ಮುಂಬಯಿಯಲ್ಲಿ ಹನಿ ದಪ್ಪಗಾಗಿ ಹೆಚ್ಚು ಹೊತ್ತು ನಿಲ್ಲುತ್ತದೆ, ಹೆಚ್ಚು ವ್ಯಾಟ್ ಬೇಕಿಲ್ಲ; ಮಾರ್ಚಿನ ಪುಣೆಯ ಮಧ್ಯಾಹ್ನ ಬೇಗನೆ ಕುಗ್ಗಿ ಮಾಯವಾಗುತ್ತದೆ. ಬಿಸಿಯೂ ಸೇರಿದರೆ ಇನ್ನೂ ಬೇಗ: ಗಾಳಿ 20 ಡಿಗ್ರಿಯಿಂದ 30ಕ್ಕೆ ಏರಿದರೆ ಪ್ರೊಪಿಲೀನ್ ಗ್ಲೈಕಾಲಿನ ಆವಿಯ ಒತ್ತಡ ಎರಡು ಪಟ್ಟಿಗೂ ಮೀರುತ್ತದೆ.

ಇ-ಸಿಗರೇಟಿನ ಆವಿ ಚಳಿಗೆ, ತೇವಕ್ಕೆ ದಟ್ಟವಾಗಿ ಕಾಣುವುದೂ ಇದರಿಂದಲೇ, ಅಲ್ಲಿ ಉಸಿರಿನ ತೇವವೂ ಕೂಡಿಕೊಳ್ಳುತ್ತದೆ. ನಮ್ಮ ದೇಶದಲ್ಲಿ 2019ರ ಕಾನೂನು ಅದರ ತಯಾರಿಕೆ, ಆಮದು, ಮಾರಾಟ, ದಾಸ್ತಾನು ಎಲ್ಲವನ್ನೂ ನಿಷೇಧಿಸಿದೆ. ಅದರ ಲಿಕ್ವಿಡ್ಡನ್ನು ಈ ಮಷಿನ್ನಿಗೆ ಸುರಿಯುವ ಯೋಚನೆಯೇ ಬೇಡ. ಕಾರಿನ ಕೂಲಂಟ್ ಅಂತೂ ವಿಷ, ಅದರಲ್ಲಿರುವುದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್.

ಆದ್ದರಿಂದ ಊರು ಬದಲಾದಾಗ ಬದಲಿಸಬೇಕಾದದ್ದು ಲಿಕ್ವಿಡ್, ವ್ಯಾಟ್ ಅಲ್ಲ. ಮುಂಬಯಿ, ಗೋವಾದ ಮಳೆಗಾಲಕ್ಕೆ ಬೇಗ ಕರಗುವ ಹಗುರ ಲಿಕ್ವಿಡ್ ಕೇಳಿ. ಗ್ಲಿಸರಿನ್ ಹೆಚ್ಚಿರುವ ಹೆವಿ ಲಿಕ್ವಿಡ್ ಹಾಕಿದರೆ ಮಹಿಷಾಸುರ ಹೋಗಿ ದೇವಿ ಬಂದರೂ ರಂಗ ತಿಳಿಯಾಗದು. ವೇಷ ಬರುವ 20 ಸೆಕೆಂಡ್ ಮೊದಲು 3–4 ಸೆಕೆಂಡ್ ಒತ್ತಿದರೆ ಸಾಕು. ಪುಣೆಯ ಬೇಸಿಗೆಗೆ ಹೆವಿ ಲಿಕ್ವಿಡ್, 8–10 ಸೆಕೆಂಡ್, ಅದೂ ಚೆಂಡೆಯ ಪೆಟ್ಟು ಬೀಳುವಾಗಲೇ. ತೇವಾಂಶ ಅಳೆಯುವ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರನ್ನು ಚೌಕಿಯಲ್ಲಲ್ಲ (ಬಣ್ಣ ಹಚ್ಚುವ ಕೋಣೆ), ರಂಗದ ಮೇಲೆ ಇಟ್ಟು ಆಟಕ್ಕೆ ಮುಂಚೆ ನೋಡಿಕೊಳ್ಳಿ. ಶೇ. 50ರ ಕೆಳಗಿದ್ದರೆ ಒತ್ತುವ ಹೊತ್ತು ಹೆಚ್ಚಿಸಿ.

ಎ.ಸಿ. ಸಭಾಗೃಹದಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ. ಹೊರಗೆ ಎಷ್ಟೇ ಮಳೆ ಸುರಿಯಲಿ, ಎ.ಸಿ. ಗಾಳಿಯ ನೀರನ್ನು ಹಿಂಡಿ ತೆಗೆಯುತ್ತದೆ, ಜೊತೆಗೆ ಹೊಗೆಯನ್ನು, ಕೋಣೆಯ ಗಾಳಿ ಹೀರುವ ರಿಟರ್ನ್ ಕಿಂಡಿಯ ಕಡೆಗೆ ಎಳೆಯುತ್ತದೆ. ಕಿಂಡಿ ಎಲ್ಲಿದೆಯೆಂದು ನೋಡಿ ಮಷಿನ್ನನ್ನು ಎದುರು ಬದಿಯಲ್ಲಿಡಿ, ಆಗ ಹೊಗೆ ರಂಗ ದಾಟಿಯೇ ಹೋಗುತ್ತದೆ.

ಮಷಿನ್ನಿನ ಕೊರತೆಗಳೂ ಇವೆ. ವೈರ್ ರಿಮೋಟ್ ಗಿಡ್ಡ. ಅಗ್ಗದ ಮಾದರಿಗಳಲ್ಲಿ ಲಿಕ್ವಿಡ್ ಮುಗಿದಾಗ ನಿಲ್ಲಿಸುವ ಸ್ವಿಚ್ ಇರುವುದಿಲ್ಲ, ಪಂಪ್ ಒಣಗಿ ಓಡಿ ಸುಡುತ್ತದೆ. ಟ್ಯಾಂಕ್ ಕಾಲು ಭಾಗಕ್ಕೆ ಇಳಿಯುವ ಮೊದಲೇ ತುಂಬಿಸಿ. ಆನ್ ಮಾಡಿ 5 ನಿಮಿಷಕ್ಕೆ ಸಿದ್ಧವಾದರೂ 15 ನಿಮಿಷ ಮೊದಲೇ ಹಾಕಿಡಿ. ಅರೆಬಿಸಿಯಲ್ಲಿ ಒತ್ತಿದರೆ ನಾಜಲ್ ಹೊಗೆಯ ಬದಲು ಬಿಸಿ ಹನಿ ಉಗುಳುತ್ತದೆ. ಪಂಪ್ ಗುಂಯ್‌ಗುಡುತ್ತಿದ್ದರೂ ಹೊಗೆ ಬಾರದಿದ್ದರೆ ಮೊದಲು ಹೀರುಕೊಳವೆಯ ತುದಿಯ ಫಿಲ್ಟರ್ ನೋಡಿ, ಆಮೇಲೆ ನಾಜಲ್. ಅಲ್ಲಿ ಕರಕಲಾದ ಗ್ಲಿಸರಿನ್ ಅಥವಾ ನಲ್ಲಿನೀರಿನ ಸುಣ್ಣ ಕಟ್ಟಿಕೊಂಡಿರುತ್ತದೆ. 800 ಮಿ.ಲೀ. ಡಿಸ್ಟಿಲ್ಡ್ ವಾಟರಿಗೆ 200 ಮಿ.ಲೀ. ಬಿಳಿ ವಿನೆಗರ್ ಬೆರೆಸಿ, ಕಿಟಕಿ ತೆರೆದ ಕೋಣೆಯಲ್ಲಿ ಓಡಿಸಿ, ಕೊನೆಗೆ ಬರೀ ಡಿಸ್ಟಿಲ್ಡ್ ವಾಟರಿನಿಂದ ತೊಳೆಯಿರಿ. ಲಿಕ್ವಿಡ್ಡನ್ನು ತೆಳು ಮಾಡಲು ನಲ್ಲಿನೀರು ಎಂದಿಗೂ ಬೇಡ.

ನಾಜಲ್ಲಿನ ಮುಂದಿನ ಒಂದು ಮೀಟರ್ ನೆಲ ಎಣ್ಣೆ ಸವರಿದಂತೆ ಜಾರುತ್ತದೆ. ಧಿಗಿಣ (ಹಾರಿ ಗಿರಕಿ) ಹಾಕುವ ಕಾಲುಗಳಿಗೆ ಅದು ನಿಜವಾದ ಅಪಾಯ. ಅಲ್ಲೊಂದು ಚಾಪೆ ಹಾಕಿ, ವೇಷ ಅತ್ತ ಸರಿಯದಂತೆ ಕಲಾವಿದರಿಗೆ ಮೊದಲೇ ಹೇಳಿಡಿ. ಗ್ಲೈಕಾಲ್ ಗಂಟಲಿನ ತೇವವನ್ನೂ ಎಳೆಯುವುದರಿಂದ ಮಷಿನ್ನಿನ ಬಾಯಿ ಹಾಡುವ ಭಾಗವತರ ಕಡೆಗೆ ಎಂದೂ ತಿರುಗಬಾರದು. ಬೆಂಕಿ ಅಲಾರಂ ಬೆಳಕಿನ ಸೆನ್ಸರಿನದಾದರೆ ಈ ಹನಿಗಳಿಗೂ ಕೂಗುತ್ತದೆ. ಅದನ್ನು ನೀವಾಗಿ ಮುಚ್ಚಬೇಡಿ, ಸಭಾಗೃಹದ ಮ್ಯಾನೇಜರಿಗೆ ಹಿಂದಿನ ದಿನವೇ ತಿಳಿಸಿ ಅವರ ಕೈಯಿಂದಲೇ ವ್ಯವಸ್ಥೆ ಮಾಡಿಸಿ.