ಇನ್ನೂರು ಡೊಮೇನ್ ಹೆಸರುಗಳನ್ನು ಒಟ್ಟಿಗೆ ಪರೀಕ್ಷಿಸಲು ಡಿಗ್, ಹೂಈಸ್, ಆರ್‌ಡ್ಯಾಪ್, ರಿಜಿಸ್ಟ್ರಾರ್ ಪುಟ: ಒಂದು ಹೋಲಿಕೆ

ಒಂದೇ ಒಂದು ಡೊಮೇನ್, ಅಂದರೆ ಜಾಲತಾಣದ ವಿಳಾಸದ ಹೆಸರು, ಖಾಲಿ ಇದೆಯೇ ಎಂದು ನೋಡುವುದಕ್ಕೆ ಯಾವ ಸಾಧನವಾದರೂ ಸಾಕು. ಆದರೆ ಕನ್ನಡದ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಹೊರಟ ಕೂಡಲೇ ಒಂದು ಹೆಸರು ಹಲವಾಗುತ್ತದೆ: ದೀರ್ಘಕ್ಕೆ ಎ ಒಂದೋ ಎರಡೋ, ಮಹಾಪ್ರಾಣಕ್ಕೆ ಎಚ್ ಸೇರಿಸಬೇಕೋ ಬೇಡವೋ, ಈಕಾರಕ್ಕೆ ಐ ಸಾಕೋ ಎರಡು ಇ ಬೇಕೋ. ಶಿರಸಿಯಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುವ ನನ್ನ ಷಡ್ಡಕರು ಬರೆದುಕೊಟ್ಟ 14 ಹೆಸರುಗಳು ಹೀಗೆ 96 ಆದವು; .ಕಾಮ್ ಮತ್ತು .ಇನ್ ಎರಡರಲ್ಲೂ ನೋಡಬೇಕಾಗಿದ್ದರಿಂದ ಒಟ್ಟು 192 ಆದವು. ನಾಲ್ಕು ದಾರಿಗಳನ್ನು ಪ್ರಯತ್ನಿಸಿದ ಮೇಲೆ ಈಗ ನಾನು ಮೊದಲು ಹಿಡಿಯುವುದು ಹೆಸರುಗಳ ನೋಂದಣಿ ದಾಖಲೆಯನ್ನು ಕೇಳುವ ಆರ್‌ಡ್ಯಾಪ್ ಒಂದನ್ನೇ. ಅದಕ್ಕೆ ಕಾರಣ, ಡಿಗ್ ಹೇಳಿದ್ದನ್ನು ನಾನು ತಪ್ಪಾಗಿ ಅರ್ಥಮಾಡಿಕೊಂಡು ಮಾಡಿದ ನಷ್ಟ.

ಡಿಗ್ ಎಂಬುದು ಡಿಎನ್‌ಎಸ್ ಅನ್ನು, ಅಂದರೆ ಹೆಸರಿನಿಂದ ಜಾಲತಾಣದ ಸರ್ವರನ್ನು ಹುಡುಕಿಕೊಡುವ ವ್ಯವಸ್ಥೆಯನ್ನು, ಪ್ರಶ್ನಿಸುವ ಸಣ್ಣ ಆಜ್ಞೆ. ಅದನ್ನು ಒಂದು ಸ್ಕ್ರಿಪ್ಟಿನೊಳಗೆ ಸುತ್ತು ಹಾಕಿಸಿದರೆ 192 ಹೆಸರುಗಳು ನೋಡನೋಡುತ್ತಿದ್ದಂತೆ ಮುಗಿಯುತ್ತವೆ. ‘ಎನ್‌ಎಕ್ಸ್‌ಡೊಮೇನ್’ (ಅಂಥ ಹೆಸರಿಲ್ಲ) ಎಂಬ ಉತ್ತರ ಬಂದರೆ ಹೆಸರು ಖಾಲಿ ಎಂದು ನಾನು ಗುರುತು ಹಾಕಿಕೊಂಡೆ. ಹಾಗೆ ಗುರುತಾದವುಗಳಲ್ಲಿ ಷಡ್ಡಕರಿಗೆ ಅತ್ಯಂತ ಪ್ರಿಯವಾದ .ಕಾಮ್ ಹೆಸರೂ ಇತ್ತು. ಸೋಮವಾರ ಹಣ ಕಟ್ಟಿದರಾಯಿತು ಎಂದು ನಾನು ಹೇಳಿದ್ದನ್ನು ನಂಬಿ ಅವರು ಶನಿವಾರವೇ ಮುದ್ರಣಾಲಯಕ್ಕೆ ಹೋಗಿ ಪೊಟ್ಟಣಗಳಿಗೆ ಅಂಟಿಸುವ 2,000 ಚೀಟಿಗಳಿಗೆ ಮುಂಗಡ ಕೊಟ್ಟು ಬಂದರು. ಸೋಮವಾರ ನೋಡಿದರೆ ಆ ಹೆಸರು ಮಾರಾಟಕ್ಕೇ ಇರಲಿಲ್ಲ.

ಆದದ್ದು ಇಷ್ಟು. ಡಿಎನ್‌ಎಸ್ ಹೇಳುವುದು ಆ ಹೆಸರು ಸದ್ಯ ವಲಯ ಕಡತದಲ್ಲಿ (ಈಗ ಚಾಲ್ತಿಯಲ್ಲಿರುವ ಹೆಸರುಗಳ ಪಟ್ಟಿಯಲ್ಲಿ) ಇದೆಯೇ ಇಲ್ಲವೇ ಎಂಬುದನ್ನು ಮಾತ್ರ, ಅದಕ್ಕೆ ಒಡೆಯರು ಇದ್ದಾರೆಯೇ ಎಂಬುದನ್ನಲ್ಲ. .ಕಾಮ್ ಹೆಸರಿನ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್, ಅಂದರೆ ಹೆಸರು ಮಾರುವ ಕಂಪನಿ, ಅದನ್ನು 45 ದಿನಗಳವರೆಗೆ ಇಟ್ಟುಕೊಂಡಿರಬಹುದು. ಅಳಿಸಿದ ಬಳಿಕ 30 ದಿನಗಳ ರಿಡೆಂಪ್ಷನ್ ಅವಧಿಯಲ್ಲಿ ಹಳೆಯ ಒಡೆಯರು ಹೆಚ್ಚು ಹಣ ತೆತ್ತು ಮರಳಿ ಪಡೆಯಬಹುದು. ಅದಾದ ಮೇಲೂ ಅಳಿಸುವಿಕೆ ಬಾಕಿ ಎಂಬ 5 ದಿನಗಳಿವೆ. ಕೊನೆಯ ಈ 35 ದಿನಗಳಲ್ಲಿ ಹೆಸರು ವಲಯ ಕಡತದಿಂದ ಹೊರಗಿರುತ್ತದೆ, ಆದ್ದರಿಂದ ಡಿಗ್ ‘ಇಲ್ಲ’ ಎನ್ನುತ್ತದೆ, ಆದರೆ ಕೊಳ್ಳುವುದಕ್ಕೆ ಯಾರಿಗೂ ಸಿಗುವುದಿಲ್ಲ. ನೇಮ್‌ಸರ್ವರ್ (ಆ ಹೆಸರಿನ ಬಗ್ಗೆ ಡಿಎನ್‌ಎಸ್‌ಗೆ ಉತ್ತರಿಸುವ ಯಂತ್ರ) ಕೊಡದೆ ಸುಮ್ಮನೆ ಕೊಂಡಿಟ್ಟ ಹೆಸರುಗಳೂ, ತಡೆಹಿಡಿಯಲಾದ ಹೆಸರುಗಳೂ ಹೀಗೆಯೇ ಖಾಲಿಯಂತೆ ತೋರುತ್ತವೆ. ಖಂಡಿತವಾಗಿ ಹೋಗಿರುವ ಹೆಸರುಗಳನ್ನು ಜರಡಿ ಹಿಡಿದು ತೆಗೆಯುವುದಕ್ಕೆ ಡಿಗ್ ಒಳ್ಳೆಯದು. ಉಳಿದವು ಖಾಲಿ ಎನ್ನುವುದಕ್ಕೆ ಅದು ಸಾಕ್ಷಿಯಲ್ಲ. ಚೀಟಿಗಳ ಮುಂಗಡದಲ್ಲಿ ಅರ್ಧವನ್ನು ನಾನೇ ಕೊಟ್ಟೆ.

ಹೂಈಸ್ ಈ ತಪ್ಪು ಮಾಡುವುದಿಲ್ಲ, ಏಕೆಂದರೆ ಅದು ಕೇಳುವುದು ರಿಜಿಸ್ಟ್ರಿಯ, ಅಂದರೆ .ಕಾಮ್ ಅಥವಾ .ಇನ್‌ನ ಎಲ್ಲ ಹೆಸರುಗಳ ಲೆಕ್ಕ ಇಡುವ ಸಂಸ್ಥೆಯ, ದಾಖಲೆಯನ್ನೇ. ಆದರೆ ಅದರ ಉತ್ತರ ಮನುಷ್ಯರು ಓದುವುದಕ್ಕೆಂದು ಬರೆದ ಪಠ್ಯ. ಒಂದೊಂದು ರಿಜಿಸ್ಟ್ರಿಯ ಒಕ್ಕಣೆ ಒಂದೊಂದು ಬಗೆ. ಮೇಲಿಂದ ಮೇಲೆ ಕೇಳಿದರೆ ಸರ್ವರ್ ಬಾಗಿಲು ಹಾಕಿಕೊಳ್ಳುತ್ತದೆ, ಆ ನಿರಾಕರಣೆಯನ್ನು ನನ್ನ ಸ್ಕ್ರಿಪ್ಟ್ ಏನೆಂದು ಓದಿತೋ ದೇವರಿಗೇ ಗೊತ್ತು. .ಕಾಮ್‌ನಂತಹ ಸಾಮಾನ್ಯ ವರ್ಗದ ರಿಜಿಸ್ಟ್ರಿಗಳು ಹೂಈಸ್ ಸೇವೆ ನಡೆಸಲೇಬೇಕೆಂಬ, ಡೊಮೇನ್ ವ್ಯವಸ್ಥೆಯ ಮೇಲ್ವಿಚಾರಣೆ ನೋಡುವ ಐಕ್ಯಾನ್ ಸಂಸ್ಥೆಯ ಕಟ್ಟುಪಾಡು 2025ರ ಜನವರಿ 28ಕ್ಕೆ ಮುಗಿದಿದೆ.

ಆರ್‌ಡ್ಯಾಪ್ ಕೇಳುವುದೂ ಅದೇ ದಾಖಲೆಯನ್ನು, ಆದರೆ ಯಂತ್ರಕ್ಕೆ ಅರ್ಥವಾಗುವ ರೀತಿಯಲ್ಲಿ. ಹೆಸರು ದಾಖಲಾಗಿದ್ದರೆ 200, ಇಲ್ಲದಿದ್ದರೆ 404, ಅತಿಯಾಗಿ ಕೇಳಿದರೆ 429 ಎಂಬ ಸಂಖ್ಯೆ ಬರುವುದರಿಂದ ಪಠ್ಯವನ್ನು ಊಹಿಸಿ ಓದುವ ಕೆಲಸವಿಲ್ಲ. ಷಡ್ಡಕರ ಆ ಹೆಸರನ್ನು ಇಲ್ಲಿ ಕೇಳಿದಾಗ ಸ್ಥಿತಿಯ ಜಾಗದಲ್ಲಿ ರಿಡೆಂಪ್ಷನ್ ಅವಧಿ ಎಂದು ಸ್ಪಷ್ಟವಾಗಿ ಬಂತು. ಎರಡು ಸೆಕೆಂಡಿಗೆ ಒಂದರಂತೆ ಕೇಳಿದರೆ 192 ಹೆಸರುಗಳಿಗೆ ಸುಮಾರು ಆರೂವರೆ ನಿಮಿಷ ಬೇಕು, ಅಂದರೆ ಒಂದು ಲೋಟ ಕಾಫಿಯ ಹೊತ್ತು. ಖರ್ಚು ಏನೂ ಇಲ್ಲ. ಒಂದು ಎಚ್ಚರಿಕೆ: .ಕಾಮ್, .ಇನ್‌ನಂತಹ ಯಾವ ಕೊನೆಗೆ ಯಾವ ಸರ್ವರ್ ಎಂಬ ಪಟ್ಟಿಯನ್ನು ಐಯಾನಾ ಎಂಬ ಸಂಸ್ಥೆ ಪ್ರಕಟಿಸುತ್ತದೆ, ಅದನ್ನು ಮೊದಲು ಇಳಿಸಿಕೊಂಡು ನಿಮ್ಮ ಕೊನೆ ಅದರಲ್ಲಿದೆಯೇ ಎಂದು ನೋಡಬೇಕು. .ಇನ್‌ನಂತಹ ದೇಶ ಸಂಕೇತದ ಕೊನೆಗಳಿಗೆ ಆರ್‌ಡ್ಯಾಪ್ ಕಡ್ಡಾಯವಲ್ಲ, ಮತ್ತು ತಪ್ಪು ಸರ್ವರನ್ನು ಕೇಳಿದರೂ 404 ಬರಬಹುದು.

ರಿಜಿಸ್ಟ್ರಾರ್ ಪುಟಗಳ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ನಾನು ಬಳಸಿದ ಒಂದು ಪುಟ ಮೊದಲ ನೂರು ಹೆಸರುಗಳನ್ನು ನೋಡಿ ಉಳಿದ 92ನ್ನು ಒಂದು ಮಾತೂ ಹೇಳದೆ ಬಿಟ್ಟಿತ್ತು. ಉತ್ತರಗಳ ನಡುವೆ ನಾನು ಕೇಳದ ಹೆಸರುಗಳ ಸಲಹೆ ತುಂಬಿತ್ತು. ಆದರೂ ಅದನ್ನು ಪೂರ್ತಿ ಬಿಡುವಂತಿಲ್ಲ. ರಿಜಿಸ್ಟ್ರಿ ಕಾದಿರಿಸಿದ ಅಥವಾ ಪ್ರೀಮಿಯಂ ಬೆಲೆ ಕಟ್ಟಿದ ಹೆಸರಿಗೂ ಆರ್‌ಡ್ಯಾಪ್ 404 ಎನ್ನಬಹುದು, ಬೆಲೆಯನ್ನಂತೂ ಅದು ಹೇಳುವುದೇ ಇಲ್ಲ. ಬೆಲೆ ಕಾಣುವುದು ಮಾರುವವರ ಪುಟದಲ್ಲಿಯೇ. ಸ್ಕ್ರಿಪ್ಟೇ ನೇರವಾಗಿ ಕೇಳಬಹುದಾದ ರಿಜಿಸ್ಟ್ರಾರ್‌ಗಳ ಎಪಿಐ ಕೂಡ ಇದೆ, ಆದರೆ ಕೆಲವರು ಖಾತೆಯಲ್ಲಿ ಕನಿಷ್ಠ ಮೊತ್ತ ಕೇಳುತ್ತಾರೆ. ವರ್ಷಕ್ಕೆ ಎರಡು ಹೆಸರು ಕೊಳ್ಳುವ ನನಗೆ ಅದು ಹೊರೆ.

ಹಾಗಾಗಿ ಈಗ 192ನ್ನು ಆರ್‌ಡ್ಯಾಪ್ ಮೂಲಕ ಸೋಸಿ, ಷಡ್ಡಕರಿಗೆ ಒಪ್ಪಿಗೆಯಾದ ಐದಾರನ್ನು ಮಾತ್ರ ರಿಜಿಸ್ಟ್ರಾರ್ ಪುಟದಲ್ಲಿ ಹಾಕುತ್ತೇನೆ, ಅದೂ ಹಣ ಕಟ್ಟುವ ಸಿದ್ಧತೆಯೊಂದಿಗೆ ಕುಳಿತಾಗಲೇ. 2008ರ ಜನವರಿಯಲ್ಲಿ ನೆಟ್‌ವರ್ಕ್ ಸಲ್ಯೂಷನ್ಸ್ ಎಂಬ ಅಮೆರಿಕದ ರಿಜಿಸ್ಟ್ರಾರ್, ಜನರು ತನ್ನ ಪುಟದಲ್ಲಿ ಹುಡುಕಿದ ಹೆಸರುಗಳನ್ನು ತಾನೇ ಕೆಲವು ದಿನ ನೋಂದಾಯಿಸಿ ಇಟ್ಟುಕೊಳ್ಳುತ್ತಿದ್ದುದು ದೊಡ್ಡ ಸುದ್ದಿಯಾಗಿತ್ತು. ಮುದ್ರಣಾಲಯದ ಮುಂಗಡ ಈಗ ಹೆಸರು ಕೊಂಡ ರಶೀದಿ ಕೈಗೆ ಬಂದ ಮೇಲೆ.