ನನ್ನನ್ನು ಪುಣೆಗೆ ಕಳಿಸಿದ ನರ್ಸಿಂಗ್ ಕನ್ಸಲ್ಟೆನ್ಸಿ: ಐದಕ್ಕೆ ಎರಡೂವರೆ ಸ್ಟಾರ್

ಹೆಸರು ಹಾಕಲ್ಲ. ಅಲ್ಲಿ ಫೋನ್ ಎತ್ತುವ ಹುಡುಗಿಯ ಕೆಲಸಕ್ಕೆ ಕಲ್ಲು ಹಾಕೋದು ನನಗೆ ಇಷ್ಟವಿಲ್ಲ. ನರ್ಸ್‌ಗಳನ್ನು ಹೊರ ರಾಜ್ಯಕ್ಕೆ ಕಳಿಸುವ ಕನ್ಸಲ್ಟೆನ್ಸಿ, ಹುಬ್ಬಳ್ಳಿಯಲ್ಲಿ ಒಂದು ಮೊಬೈಲ್ ಅಂಗಡಿಯ ಮೇಲೆ, ಎರಡು ಟೇಬಲ್, ಒಂದು ಪ್ರಿಂಟರ್. ಅಷ್ಟೇ ಆಫೀಸು.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಓದಿದ್ದು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ. 40 ಹಾಸಿಗೆಯ ಒಂದು ನರ್ಸಿಂಗ್ ಹೋಮ್‌ನಲ್ಲಿ ಮೂರು ವರ್ಷ, ಸಂಬಳ 13,500. ಜಾಸ್ತಿ ಮಾಡಿ ಅಂದರೆ "ಹೊರಗೆ ಇಪ್ಪತ್ತು ಜನ ಬಯೋಡೇಟಾ ಹಿಡಿದು ನಿಂತಿದ್ದಾರೆ ಸಿಸ್ಟರ್" ಅನ್ನುತ್ತಿದ್ದರು, ಅದು ಸುಳ್ಳೂ ಅಲ್ಲ, ನಮ್ಮಲ್ಲಿ ನರ್ಸಿಂಗ್ ಕಾಲೇಜುಗಳು ಎಷ್ಟಿವೆ ಅಂತ ನಿಮಗೇ ಗೊತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಮಾಡಿದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆ ಇರುವ ಆಸ್ಪತ್ರೆಯಲ್ಲೂ ನರ್ಸ್‌ಗೆ 20,000 ಆದರೂ ಕೊಡಬೇಕು ಅಂತ ಶಿಫಾರಸು ಮಾಡಿತ್ತು. ಶಿಫಾರಸು ಕಾಗದದಲ್ಲಿದೆ, ನಾನು ನೈಟ್ ಡ್ಯೂಟಿಯಲ್ಲಿ! ಏಮ್ಸ್ ಆಸ್ಪತ್ರೆಗಳಿಗೆ ನರ್ಸ್‌ಗಳನ್ನು ಆರಿಸುವ ನಾರ್‌ಸೆಟ್ ಪರೀಕ್ಷೆ ಬರೆಯೋಣ ಅಂದರೆ ಜಿಎನ್‌ಎಂನವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಹತ್ತು ಹಾಸಿಗೆ ಕಮ್ಮಿ ಬಿದ್ದು ನನ್ನ ಮೂರು ವರ್ಷ ಲೆಕ್ಕಕ್ಕೇ ಬರಲಿಲ್ಲ. ದೊಡ್ಡ ಆಸ್ಪತ್ರೆ ಸೇರಲೇಬೇಕಿತ್ತು, ಅದಕ್ಕೇ ಇವರ ಮೆಟ್ಟಿಲು ಹತ್ತಿದೆ.

ಫೀಸು: ಮೊದಲು 2,000, ಕೆಲಸ ಸಿಕ್ಕ ಮೇಲೆ ಅರ್ಧ ತಿಂಗಳ ಸಂಬಳ. ಒಂದು ಒಪ್ಪಿಕೊಳ್ಳಬೇಕು, ಇವರು ಚುರುಕು. ಒಂಬತ್ತೇ ದಿನಕ್ಕೆ ಪುಣೆಯ 200 ಹಾಸಿಗೆಯ ಆಸ್ಪತ್ರೆಯಿಂದ ಫೋನ್ ಇಂಟರ್‌ವ್ಯೂ ಬಂತು. ಪೊಟ್ಯಾಸಿಯಂ ಕ್ಲೋರೈಡ್ ನೇರವಾಗಿ ಐವಿ ಪುಶ್, ಅಂದರೆ ಸಿರಿಂಜ್‌ನಿಂದ ರಕ್ತನಾಳಕ್ಕೆ ಒಂದೇ ಸಲ, ಕೊಡ್ತೀರಾ ಅಂತ ಕೇಳಿದರು, ಕೊಡಲ್ಲ, ಡೈಲ್ಯೂಟ್ ಮಾಡಿ ನಿಧಾನಕ್ಕೆ ಅಂದೆ, ಪಾಸ್. ಐಸಿಯು ಪೋಸ್ಟಿಂಗ್, 28,000. ಮನೆಯಲ್ಲಿ ಅಪ್ಪ ಎರಡು ಸಲ ಕೇಳಿದರು, ಇಪ್ಪತ್ತೆಂಟಾ ಅಂತ.

ಎಡವಟ್ಟಾಗಿದ್ದು ಸೇರಿದ ದಿನ. ಎಚ್‌ಆರ್‌ನವರು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್ ನೋಂದಣಿ ಕೇಳಿದರು, ನನ್ನ ಕೈಯಲ್ಲಿ ಇದ್ದದ್ದು ಕರ್ನಾಟಕದ್ದು. ನರ್ಸ್‌ಗಳಿಗೆ ದೇಶಕ್ಕೆಲ್ಲ ಒಂದೇ ಗುರುತಿನ ನಂಬರ್, ಎನ್‌ಯುಐಡಿ ಅಂತ ಇದೆ ನಿಜ, ಆದರೂ ಕೆಲಸ ಮಾಡುವ ರಾಜ್ಯದ ಕೌನ್ಸಿಲ್‌ನಲ್ಲಿ ಹೆಸರು ಇರಲೇಬೇಕು, ಅದಕ್ಕೆ ಹಳೆಯ ಕೌನ್ಸಿಲ್‌ನಿಂದ ಎನ್‌ಒಸಿ (ನಮ್ಮ ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕು. ಅಲ್ಲಿಯವರೆಗೆ ನಾನು "ಟ್ರೈನಿ", ಸಂಬಳ 19,000. ಕನ್ಸಲ್ಟೆನ್ಸಿ ಮಾಲೀಕರಿಗೆ ಫೋನ್ ಮಾಡಿದರೆ ಅದೆಲ್ಲ ಆಸ್ಪತ್ರೆಯವರು ನೋಡ್ಕೋತಾರೆ ಮೇಡಂ ಅಂದರು. ಆಸ್ಪತ್ರೆಯವರು, ನಿಮ್ಮ ಏಜೆಂಟ್ ಹೇಳಿಲ್ವಾ ಅಂದರು.

ಅದರ ಮೇಲೆ ನನ್ನ ಇನಿಷಿಯಲ್ ಬೇರೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಮತ್ತು ಒಂದಕ್ಷರ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಇಲ್ಲಿನ ಫಾರ್ಮ್‌ನಲ್ಲಿ ಅಡ್ಡಹೆಸರು ಬೇಕೇ ಬೇಕು. ಅಫಿಡವಿಟ್ ಮಾಡಿಸಲು ರಜೆ ಹಾಕಿ ಊರಿಗೆ ಬಂದೆ. ಇದು ಕನ್ಸಲ್ಟೆನ್ಸಿ ತಪ್ಪಲ್ಲ, ಆದರೆ ಹೊರಡುವ ಮುಂಚೆ ಒಂದು ಮಾತು ಹೇಳಿದ್ದರೆ ಊರಲ್ಲೇ ಮುಗಿಸಿಕೊಂಡು ಬರುತ್ತಿದ್ದೆ. ಎಲ್ಲ ಸೇರಿ ನಾಲ್ಕು ತಿಂಗಳು, ಅಂದರೆ 36,000 ಖೋತಾ. ಇಷ್ಟಾದರೂ ಅವರು ಫೀಸು ತೆಗೆದುಕೊಂಡಿದ್ದು 28,000ದ ಅರ್ಧ. ಕೇಳಿದರೆ ಆಫರ್ ಲೆಟರ್‌ನಲ್ಲಿ ಇರೋದೇ ಲೆಕ್ಕವಂತೆ.

ಇನ್ನೊಂದು. ಒರಿಜಿನಲ್ ಸರ್ಟಿಫಿಕೇಟ್ ಎಲ್ಲ ಆಸ್ಪತ್ರೆಗೆ ಕೊಟ್ಟುಬಿಡಿ ಅಂತ ಇವರೇ ಹೇಳಿದ್ದರು. ನಾನು ತೋರಿಸಿ ವಾಪಸ್ ತಗೊಂಡು ಜೆರಾಕ್ಸ್ ಮಾತ್ರ ಕೊಟ್ಟೆ, ಪುಣ್ಯಕ್ಕೆ. ನನ್ನ ರೂಮ್‌ಮೇಟ್ ತನ್ನ ಹಳೆಯ ಆಸ್ಪತ್ರೆಯಿಂದ ಬಿಡಿಸಿಕೊಳ್ಳಲು ಎರಡು ತಿಂಗಳು ಅಲೆದಳು.

ವಸತಿ ಇದೆ ಅಂದಿದ್ದೂ ಸುಳ್ಳೇ, ಖಾಲಿ ಇರಲಿಲ್ಲ. ಸ್ವಾರ್‌ಗೇಟ್‌ನಲ್ಲಿ ಬಸ್ ಇಳಿದು ಲಗೇಜ್ ಇಟ್ಟುಕೊಂಡು ಅಳುವುದೊಂದು ಬಾಕಿ. ಆಗ ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತಿದ್ದು ಆ ಹುಡುಗಿ. ಗದಗದ ಕಡೆಯ ಒಬ್ಬ ಸೀನಿಯರ್ ಸಿಸ್ಟರ್ ನಂಬರ್ ಕೊಟ್ಟಳು, ಆ ಅಕ್ಕನ ಪಿಜಿಯಲ್ಲೇ ಈಗಲೂ ಇದ್ದೇನೆ.

ಭಾಷೆ ಬಗ್ಗೆ ಇವರು "ಹಿಂದಿ ಸಾಕು" ಅಂದಿದ್ದರು. ಡಾಕ್ಟರ್ ಹತ್ತಿರ ಸಾಕು, ಪೇಷಂಟ್ ಹತ್ತಿರ ಸಾಲದು. ಹಳ್ಳಿಯಿಂದ ಬಂದ ಅಜ್ಜ ಮಧ್ಯರಾತ್ರಿ "ಲಘ್ವಿ, ಲಘ್ವಿ" ಅಂತ ಕೂಗಿದರೆ ನಾನು ನೀರು ಕೊಡಲು ಹೋದೆ, ಅವರಿಗೆ ಬೇಕಿದ್ದದ್ದು ಯೂರಿನಲ್. ಸಂಡಾಸ್ ಗೊತ್ತಿತ್ತು, ಇದು ಗೊತ್ತಿರಲಿಲ್ಲ! ಅಕ್ಕಲಕೋಟೆ, ಸೊಲ್ಲಾಪುರ ಕಡೆಯವರು ಬಂದರೆ ಮಾತ್ರ ಕನ್ನಡ ನಡೆಯುತ್ತದೆ, ಅಂಥವರ ಬೆಡ್‌ಗೆ ಈಗ ಇನ್‌ಚಾರ್ಜ್ ನನ್ನನ್ನೇ ಹಾಕುತ್ತಾರೆ.

ಕೆಲಸ ಚೆನ್ನಾಗಿದೆ, ಅದನ್ನು ಮುಚ್ಚಿಡಲ್ಲ. ಕಲಿಯೋಕೆ ಬಹಳ ಸಿಕ್ಕಿದೆ. ಆದರೆ ಇವರ ಹತ್ತಿರ ಹೋಗುವವರು ದುಡ್ಡು ಕೊಡುವ ಮುಂಚೆ ಎನ್‌ಒಸಿ ಅರ್ಜಿ ಹಾಕಿ, ನೋಂದಣಿ ಆಗುವವರೆಗೆ ಸಂಬಳ ಎಷ್ಟು ಅಂತ ಆಸ್ಪತ್ರೆಯಿಂದಲೇ ಬರೆಸಿಕೊಳ್ಳಿ.

ಎರಡೇ ಸ್ಟಾರ್ ಕೊಡಬೇಕು ಅಂತಿದ್ದೆ. ಮೊನ್ನೆ ಆ ಹುಡುಗಿ ಫೋನ್ ಮಾಡಿ, "ಅಕ್ಕಾ, ಎನ್‌ಒಸಿಗೆ ಏನೇನು ಕಾಗದ ಬೇಕು, ಇನ್ನೊಬ್ಬರನ್ನ ಪುಣೆಗೆ ಕಳಿಸ್ತಿದ್ದೀವಿ" ಅಂತ ಕೇಳಿದಳು. ವಾಟ್ಸಾಪ್‌ನಲ್ಲಿ ಎಲ್ಲ ಬರೆದು ಕಳಿಸಿದೆ. ಉಳಿದ ಅರ್ಧ ಅವಳದ್ದು.