ವಿಶ್ವವಿದ್ಯಾಲಯವೇ ಇಲ್ಲದ ಬಿ.ವೋಕ್.: ಪ್ರವಾಸೋದ್ಯಮ ಕೋರ್ಸಿಗೆ ಸೇರುವವರ ಗಮನಕ್ಕೆ

ಕಲಬುರಗಿಯಲ್ಲಿ 2019ರ ನವೆಂಬರಿನಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ, ಪ್ರವಾಸೋದ್ಯಮ ಓದಿದವರಿಗೆ ಊರಿನಲ್ಲಿಯೇ ಕೆಲಸ ಸಿಗುತ್ತದೆಂಬ ಮಾತು ನಮ್ಮ ಮನೆಯವರೆಗೂ ಬಂದಿತ್ತು. ಅದನ್ನು ನಂಬಿ, ಪಿಯುಸಿ ಮುಗಿಸಿದ ನನ್ನ ತಮ್ಮನನ್ನು ನಗರದ ಖಾಸಗಿ ತರಬೇತಿ ಕೇಂದ್ರವೊಂದರಲ್ಲಿ ಪ್ರವಾಸೋದ್ಯಮ ನಿರ್ವಹಣೆಯ ಬಿ.ವೋಕ್. (ವೃತ್ತಿ ಶಿಕ್ಷಣದ ಪದವಿ) ಕೋರ್ಸಿಗೆ ಸೇರಿಸಿದೆವು. ತೊಗರಿ ಮಾರಿ ಬಂದ ಹಣದಲ್ಲಿ ಅಪ್ಪ ಮೂರು ವರ್ಷ ಶುಲ್ಕ ಕಟ್ಟಿದರು. ಈ ವರ್ಷ ಎಂ.ಬಿ.ಎ. ಪ್ರವೇಶದ ದಾಖಲೆ ಪರಿಶೀಲನೆಗೆ ಹೋದಾಗ ಅಲ್ಲಿದ್ದ ಗುಮಾಸ್ತರು ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುವಿ, "ಇದರಲ್ಲಿ ವಿಶ್ವವಿದ್ಯಾಲಯದ ಹೆಸರು ಎಲ್ಲಿದೆ?" ಎಂದು ಕೇಳಿದರು. ಹೊಳೆಯುವ ಹೊಲೋಗ್ರಾಮ್ ಇತ್ತು, ದೂರದ ಊರಿನ ‘ಕೌನ್ಸಿಲ್’ ಒಂದರ ದುಂಡು ಮುದ್ರೆಯಿತ್ತು. ಅವರು ಕೇಳಿದ ಹೆಸರು ಮಾತ್ರ ಇರಲಿಲ್ಲ.

1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಕಲಮಿನ ಪ್ರಕಾರ, ಕೇಂದ್ರ ಅಥವಾ ರಾಜ್ಯದ ಕಾಯ್ದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಗಳು, ಡೀಮ್ಡ್ ವಿಶ್ವವಿದ್ಯಾಲಯಗಳು ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳು ಮಾತ್ರ ಪದವಿ ನೀಡಬಹುದು. ಇದು ನಮಗೆ ತಿಳಿದದ್ದು ಹಣ ಹೋದ ಮೇಲೆ. ತರಬೇತಿ ಕೇಂದ್ರದವರು ಹೇಳಿದ್ದರಲ್ಲಿ ಅರ್ಧ ನಿಜವೇ ಆಗಿದ್ದರಿಂದ ನಮಗೆ ಸಂಶಯ ಬರಲಿಲ್ಲ. ಬಿ.ವೋಕ್.ನಲ್ಲಿ ಒಂದು ವರ್ಷ ಮುಗಿಸಿದರೆ ಡಿಪ್ಲೊಮಾ, ಎರಡಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರಕ್ಕೆ ಪದವಿ ಎಂಬ ಯುಜಿಸಿಯ ವ್ಯವಸ್ಥೆಯನ್ನು ಅವರು ಸರಿಯಾಗಿಯೇ ವಿವರಿಸಿದ್ದರು. ಆದರೆ ಅದೇ ಮಾರ್ಗಸೂಚಿಯಂತೆ ಓದಿನ 60 ಶೇಕಡಾ ಭಾಗ ಕೌಶಲಕ್ಕೆ ಮೀಸಲಾಗಿರಬೇಕು. ನನ್ನ ತಮ್ಮನಿಗೆ ಸಿಕ್ಕ ‘ಇಂಟರ್ನ್‌ಶಿಪ್’ ಎಂದರೆ ಒಂದು ದಿನ ಬೀದರ್ ಕೋಟೆಗೂ ಮಹಮೂದ್ ಗವಾನ್ ಮದರಸಾಕ್ಕೂ ಹೋಗಿ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡದ್ದು. ವಿಮಾನದ ಟಿಕೆಟ್ ಕಾಯ್ದಿರಿಸುವ ಅಮಡಿಯಸ್ ತಂತ್ರಾಂಶವನ್ನು ಗೋಡೆಯ ಮೇಲೆ ಚಿತ್ರಗಳಾಗಿ ತೋರಿಸಿದರೇ ಹೊರತು, ಒಮ್ಮೆಯೂ ಅವನ ಕೈಗೆ ಕೀಬೋರ್ಡ್ ಕೊಡಲಿಲ್ಲ.

ಹಳೆಯ ರಸೀದಿಗಳನ್ನು ಈಗ ತೆಗೆದು ನೋಡಿದರೆ ಪ್ರತಿಯೊಂದರಲ್ಲಿಯೂ ‘ತರಬೇತಿ ಶುಲ್ಕ’ ಎಂದಷ್ಟೇ ಬರೆದಿದೆ. ಪದವಿ ಎಂಬ ಪದವನ್ನು ಅವರು ಬಾಯಲ್ಲಿ ಹೇಳಿದರು, ಕಾಗದದ ಮೇಲೆ ಎಲ್ಲಿಯೂ ಬರೆಯಲಿಲ್ಲ. ಆದ್ದರಿಂದ ಸೇರುವ ಮೊದಲೇ ಪದವಿ ನೀಡುವ ವಿಶ್ವವಿದ್ಯಾಲಯ ಯಾವುದೆಂದು ಬರಹದಲ್ಲಿ ಕೇಳಿ, ಅದು ಯುಜಿಸಿ ಜಾಲತಾಣದ ಪಟ್ಟಿಯಲ್ಲಿದೆಯೇ ಎಂದು ನೋಡಿ, ಆ ಕೇಂದ್ರಕ್ಕೆ ಮಾನ್ಯತೆ ಇದೆಯೇ ಎಂದು ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಯಿಂದಲೇ ಉತ್ತರ ತರಿಸಿಕೊಳ್ಳಿ. ಮೊದಲ ವರ್ಷದಲ್ಲಿಯೇ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ಕೈಗೆ ಬರದಿದ್ದರೆ ಎರಡನೆಯ ವರ್ಷದ ಹಣ ಕಟ್ಟಬೇಡಿ.

ತಮ್ಮ ಈಗ ಸರ್ಕಾರಿ ಕಾಲೇಜಿನಲ್ಲಿ ಮೊದಲ ವರ್ಷದ ಬಿ.ಎ.ಗೆ ಸೇರಿದ್ದಾನೆ. ಹಾಜರಿ ಪುಸ್ತಕದಲ್ಲಿ ಅವನ ಮುಂದಿನ ಹೆಸರು, ಅವನಿಗಿಂತ ಮೂರು ವರ್ಷ ಚಿಕ್ಕವನಾದ ನಮ್ಮ ಪಕ್ಕದ ಮನೆಯ ಹುಡುಗನದು.